ಕಡಲಾಚೆಯ ದೀಪಗಳು: ಕೋಸ್ ದ್ವೀಪದಲ್ಲಿ ಐದು ರಾತ್ರಿ

ಗ್ರೀಸ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕ್ಯಾಲೆಂಡರ್‌ಗಳಲ್ಲಿ ಕಾಣುವ ಬಿಳಿ ಗೋಡೆಯ ಮನೆಗಳು, ನೀಲಿ ಬಾಗಿಲುಗಳು, ಅದಕ್ಕಿಂತಲೂ ನೀಲಿಯಾದ ಸಮುದ್ರ. ನನಗೂ ಗೊತ್ತಿದ್ದುದು ಅಷ್ಟೇ. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಅಳಿಯ ಫೋನ್ ಮಾಡಿ, "ಉಮ್ಮಾ, ಈ ಸಲ ನಮ್ಮಲ್ಲಿಗೆ ಬಂದಾಗ ನಿಮ್ಮಿಬ್ಬರನ್ನೂ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇವೆ" ಎಂದಾಗ ನನಗೆ ನಗು ಬಂತು. ಮಂಗಳೂರಿನ ಕಡಲ ತೀರದಲ್ಲಿ ಹುಟ್ಟಿ ಬೆಳೆದವಳಿಗೆ ಸಮುದ್ರ ತೋರಿಸಲು ಯುರೋಪಿಗೆ ಕರೆದೊಯ್ಯಬೇಕೇ ಎಂದು ಕೇಳಿದೆ. ಆದರೆ ಮಗಳ ಮನಸ್ಸು ನೋಯಿಸಲಾಗಲಿಲ್ಲ. ಹೀಗೆ 2025ರ ಜೂನ್ ತಿಂಗಳಲ್ಲಿ ನಾವು ಐದು ಮಂದಿ, ಅಂದರೆ ನಾನು, ನನ್ನವರು, ಮಗಳು, ಅಳಿಯ ಮತ್ತು ಏಳು ವರ್ಷದ ಮೊಮ್ಮಗಳು, ಕೋಸ್ ಎಂಬ ದ್ವೀಪದಲ್ಲಿ ಇಳಿದೆವು.

ನೀವೂ ಎಂದಾದರೂ ಅಲ್ಲಿಗೆ ಹೋಗುವವರಿದ್ದರೆ ಮೊದಲು ಒಂದು ಅನುಕೂಲದ ಮಾತು. ಜರ್ಮನಿಗೆಂದು ಪಡೆದ ಷೆಂಗೆನ್ ವೀಸಾದಲ್ಲೇ ಗ್ರೀಸ್‌ಗೂ ಹೋಗಬಹುದು. ಬೇಸಿಗೆಯಲ್ಲಿ ಜರ್ಮನಿಯ ಹಲವು ನಗರಗಳಿಂದ ಕೋಸ್‌ಗೆ ನೇರ ವಿಮಾನವಿದೆ. ದ್ವೀಪ ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಲವತ್ತು ಕಿಲೋಮೀಟರ್ ಅಷ್ಟೇ. ನಕಾಶೆ ತೆರೆದು ನೋಡಿ. ಅದು ಗ್ರೀಸ್‌ನ ರಾಜಧಾನಿ ಅಥೆನ್ಸ್‌ನಿಂದ ಬಹಳ ದೂರದಲ್ಲಿದೆ, ಟರ್ಕಿಯ ತೀರಕ್ಕೆ ಅಂಟಿಕೊಂಡಂತಿದೆ. ಅತ್ಯಂತ ಕಿರಿದಾದ ಕಡೆ ನಡುವಿನ ಸಮುದ್ರದ ಅಗಲ ಐದು ಕಿಲೋಮೀಟರ್‌ನಷ್ಟು. ಈ ಐದು ಕಿಲೋಮೀಟರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅರಮನೆಯಂಥ ವಸತಿ

ನಮ್ಮ ರೆಸಾರ್ಟ್ ಇದ್ದುದು ದ್ವೀಪದ ಉತ್ತರ ತೀರದಲ್ಲಿ. ಐದು ನಕ್ಷತ್ರದ್ದು. ಒಳಗೆ ಕಾಲಿಟ್ಟಾಗ ತಣ್ಣನೆಯ ಒದ್ದೆ ಟವೆಲ್ ಕೊಟ್ಟರು, ಮುಖ ಒರೆಸಿಕೊಳ್ಳಲು. ತಟ್ಟೆಯಲ್ಲಿ ಸ್ವಾಗತ ಪಾನೀಯ ಬಂತು. ಮಗಳು ಮೊದಲೇ ಇಮೇಲ್‌ನಲ್ಲಿ ತಿಳಿಸಿದ್ದರಿಂದ ನಮಗೆ ದಾಳಿಂಬೆ ರಸ ಕೊಟ್ಟರು. ಕೋಣೆ ಎಂದರೆ ಅದು ಕೋಣೆಯಲ್ಲ, ಪುಟ್ಟ ಮನೆ. ಹಿಂದೆ ಎತ್ತರದ ಗೋಡೆಯೊಳಗೆ ನಮ್ಮದೇ ಆದ ಈಜುಕೊಳ. ಮುಂದೆ ಹುಲ್ಲುಹಾಸು, ಅದರಾಚೆ ಮರಳು, ಅದರಾಚೆ ಸಮುದ್ರ.

ನಮ್ಮ ಕಡಲಿಗೂ ಅಲ್ಲಿಯ ಕಡಲಿಗೂ ಎಷ್ಟು ವ್ಯತ್ಯಾಸ! ಅಲ್ಲಿ ಭರತ ಇಳಿತ ಕಣ್ಣಿಗೆ ಕಾಣುವುದೇ ಇಲ್ಲ. ಬೆಳಿಗ್ಗೆ ನೀರು ನಿಂತ ಗೆರೆಯಲ್ಲೇ ಸಂಜೆಯೂ ನಿಂತಿರುತ್ತದೆ. ಎದೆ ಮಟ್ಟದ ನೀರಿನಲ್ಲಿ ನಿಂತರೂ ಕಾಲ ಬೆರಳುಗಳು ಕಾಣುತ್ತವೆ. ಆದರೆ ಜೂನ್‌ನಲ್ಲೂ ನೀರು ತಣ್ಣಗೆ. ಮಧ್ಯಾಹ್ನದ ಮೇಲೆ ಉತ್ತರದಿಂದ ಗಾಳಿ ಏಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದು ಇನ್ನೂ ಜೋರು. ಅದಕ್ಕೆ ಅವರು ಮೆಲ್ತೆಮಿ ಎನ್ನುತ್ತಾರೆ. ಅದು ಬೀಸತೊಡಗಿದರೆ ತಲೆಯ ಶಾಲನ್ನು ಎರಡು ಪಿನ್ ಹಾಕಿ ಬಿಗಿಯಬೇಕು.

ಪರ್ದಾ ಪಾಲಿಸುವ ಕುಟುಂಬ ಇಂಥಲ್ಲಿ ಉಳಿಯಬಹುದೇ ಎಂದು ನೀವು ಕೇಳಬಹುದು. ನನಗೂ ಅದೇ ಆತಂಕವಿತ್ತು. ಕಡಲ ತೀರದಲ್ಲಿ ಹಗಲು ಹೊತ್ತು ಕಣ್ಣು ತಗ್ಗಿಸಿಯೇ ನಡೆಯಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೆಳಿಗ್ಗೆ ಏಳು ಗಂಟೆಯವರೆಗೆ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮಗಳು ಮೈ ತುಂಬ ಮುಚ್ಚುವ ಈಜುಡುಗೆ ತೊಟ್ಟೇ ಈಜಿದಳು, ಯಾರೂ ಒಂದು ಮಾತೂ ಆಡಲಿಲ್ಲ. ಕೋಣೆ ಕಾಯ್ದಿರಿಸುವ ಮೊದಲೇ ಈ ಬಗ್ಗೆ ಬರೆದು ಕೇಳಿಕೊಳ್ಳುವುದು ಒಳ್ಳೆಯದು. ಗೋಡೆಯೊಳಗಿನ ಕೊಳವಿರುವ ಕೋಣೆ ಸಿಕ್ಕರೆ ಚಿಂತೆಯೇ ಇಲ್ಲ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಗ್ರೀಸ್‌ನಲ್ಲಿ ಕಡಲ ತೀರ ಸಾರ್ವಜನಿಕ ಸೊತ್ತು. ಹೊಟೇಲಿನ ಜಾಹೀರಾತಿನಲ್ಲಿ "ಖಾಸಗಿ ಬೀಚ್" ಎಂದು ಬರೆದಿದ್ದರೂ ಕಾನೂನಿನ ಪ್ರಕಾರ ಮರಳು ಯಾರದ್ದೂ ಅಲ್ಲ, ಎಲ್ಲರದ್ದು. ಹೊಟೇಲುಗಳು ಕುರ್ಚಿ, ಕೊಡೆಗಳಿಂದ ಇಡೀ ತೀರವನ್ನು ತುಂಬಿಸುತ್ತಿವೆ ಎಂದು 2023ರಲ್ಲಿ ಪಾರೊಸ್ ದ್ವೀಪದ ಜನರು ಟವೆಲ್ ಹಿಡಿದು ಬೀದಿಗಿಳಿದಿದ್ದರು. ಟವೆಲ್ ಹಾಸಲು ನಮಗೂ ಜಾಗ ಬಿಡಿ ಎಂಬುದು ಅವರ ಬೇಡಿಕೆ. ಅದು ಬೇರೆ ದ್ವೀಪಗಳಿಗೂ ಹಬ್ಬಿತು. ನಮ್ಮ ರೆಸಾರ್ಟ್‌ನ ಸಾಲು ಕುರ್ಚಿಗಳ ಮುಂದೆಯೇ ಒಂದು ಸಂಜೆ ಊರಿನ ಅಜ್ಜ ಅಜ್ಜಿಯರು ಮಡಚುವ ಕುರ್ಚಿ ತಂದು ಕುಳಿತು ಕಲ್ಲಂಗಡಿ ತಿನ್ನುತ್ತಿದ್ದರು. ಯಾರೂ ಅವರನ್ನು ಎಬ್ಬಿಸಲಿಲ್ಲ.

ಊಟ ಮತ್ತು ನಮಾಝ್

ಊಟದ ವಿಷಯದಲ್ಲಿ ಎಚ್ಚರ ಬೇಕು. ಬೆಳಗ್ಗಿನ ತಿಂಡಿಯ ಮೇಜಿನಲ್ಲಿ ಹಂದಿ ಮಾಂಸದ ಬಗೆಗಳು ಸಾಲಾಗಿ ಇರುತ್ತವೆ. ಮೊಟ್ಟೆ ಕಾಯಿಸುವವನಿಗೆ ಬೇರೆ ಬಾಣಲೆ ಬಳಸಲು ಹೇಳಬೇಕು. ಹೇಳಿದರೆ ಬೇಸರವಿಲ್ಲದೆ ಮಾಡಿಕೊಡುತ್ತಾರೆ. ನಾವು ಮಾಂಸದ ಗೋಜಿಗೇ ಹೋಗಲಿಲ್ಲ. ಗಟ್ಟಿ ಮೊಸರು, ಕಾಡು ಹೂವಿನ ಘಮವಿರುವ ಜೇನು, ಆಲಿವ್, ಲಿಂಬೆ ಹಿಂಡಿ ಕೆಂಡದಲ್ಲಿ ಸುಟ್ಟ ಮೀನು, ಬೇಯಿಸಿದ ಸೊಪ್ಪು ಇಷ್ಟಿದ್ದರೆ ಕರಾವಳಿಯವರಿಗೆ ಹೊಟ್ಟೆ ತುಂಬಲು ಏನು ಕಷ್ಟ? ಬರ್ಗರ್ ಅಂಗಡಿಗಳಲ್ಲಿ ಕಾಣುವ ಉದ್ದ ಎಲೆಯ ಲೆಟಿಸ್‌ಗೆ ಇಂಗ್ಲಿಷಿನಲ್ಲಿ "ಕಾಸ್" ಎಂಬ ಹೆಸರಿರುವುದು ಈ ದ್ವೀಪದಿಂದಲೇ ಎಂದು ಹೇಳುತ್ತಾರೆ.

ಮೊದಲ ರಾತ್ರಿ ಒಂದು ಘಟನೆ ನಡೆಯಿತು. ಸಲಾಡ್ ಮೇಲೆ ಕೆನ್ನೇರಳೆ ಅಂಚಿನ ಚೀಸ್ ತುಂಡುಗಳಿದ್ದವು. ಅಳಿಯ ಬಾಯಿಗಿಡುವುದರಲ್ಲಿದ್ದ. ಬಡಿಸುವ ಹುಡುಗ ನನ್ನ ತಲೆಯ ಶಾಲು ನೋಡಿ ಓಡಿ ಬಂದು, "ಬೇಡ, ಇದು ವೈನ್‌ನಲ್ಲಿ ನೆನೆಸಿದ್ದು" ಎಂದ. ಕ್ರಾಸೊತಿರಿ ಎಂಬ ಈ ಚೀಸ್ ಕೋಸ್‌ನ ವಿಶೇಷ ತಿನಿಸು. ಚೀಸ್‌ನಲ್ಲಿ ಏನಿದ್ದೀತು ಎಂದು ಕೇಳದೆ ತಿನ್ನುವವರು ನೆನಪಿಡಿ. ಕೇಳದೆಯೇ ಎಚ್ಚರಿಸಿದ ಆ ಅಪರಿಚಿತ ಹುಡುಗನಿಗಾಗಿ ನಾನು ಅಂದು ದುಆ ಮಾಡಿದೆ.

ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಇಶಾ ಆಗುವಾಗ ಹತ್ತು ದಾಟುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಮತ್ತೆ ಫಜ್ರ್. ಊರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತು ರೂಢಿಯಾದ ನಾವು ಅಲ್ಲಿ ಆಗ್ನೇಯಕ್ಕೆ ತಿರುಗಬೇಕು. ತೋಟಕ್ಕೆ ನೀರುಣಿಸುತ್ತಿದ್ದ ಬಾಂಗ್ಲಾದೇಶದ ಯುವಕನೊಬ್ಬ ಸಲಾಂ ಹೇಳಿ, "ಆ ಬೆಟ್ಟದ ಕಡೆಗೆ" ಎಂದು ಕಿಬ್ಲಾ ತೋರಿಸಿಕೊಟ್ಟ. ಹಂಗಾಮಿ ಕೆಲಸಕ್ಕೆ ಜನರನ್ನು ಕಳುಹಿಸಲು ಬಾಂಗ್ಲಾದೇಶ ಮತ್ತು ಗ್ರೀಸ್ ನಡುವೆ 2022ರಲ್ಲಿ ಒಪ್ಪಂದವಾಗಿದೆ. ಗಲ್ಫ್‌ನಲ್ಲಿ ನಮ್ಮ ಮಕ್ಕಳು ಪಡುವ ಪಾಡು ಅವನ ಮುಖದಲ್ಲೂ ಕಂಡಿತು. ಕೋಣೆಯಲ್ಲಿ ನಾಲ್ವರು, ಊರಲ್ಲಿ ಹೆಂಡತಿ, ಪ್ರತಿ ಶುಕ್ರವಾರ ಫೋನು.

ಹೀಗೆ ನಮಾಝ್‌ಗೆ ನಿಂತರೆ ಎದುರಿಗೆ ದಿಕೈಯೊಸ್ ಬೆಟ್ಟ, ಬೆನ್ನಿಗೆ ಸಮುದ್ರ. ಸಲಾಂ ಹೇಳಿ ಎದ್ದು ತಿರುಗಿದರೆ ಕತ್ತಲಲ್ಲಿ, ನೀರಿನಾಚೆ, ಮಿಣುಕುವ ದೀಪಗಳ ಸಾಲು. ಅದು ಟರ್ಕಿಯ ಬೊದ್ರುಂ ಕಡೆಯ ತೀರ.

ಆ ಮಗು ಹೊರಟದ್ದು ಇಲ್ಲಿಗೇ

ಎರಡನೇ ದಿನ ಫಜ್ರ್ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೆ. ಕರಾವಳಿ ಕಾವಲಿನ ಹಡಗೊಂದು ನಿಧಾನವಾಗಿ ಅತ್ತಿಂದಿತ್ತ ಸಾಗುತ್ತಿತ್ತು. ಆಗ ಒಮ್ಮೆಲೇ ನೆನಪಾಯಿತು. ಬೊದ್ರುಂ! ಈ ಹೆಸರನ್ನು ನಾನು ಮೊದಲೇ ಕೇಳಿದ್ದೇನೆ.

ನಿಮಗೂ ನೆನಪಿರಬಹುದು. 2015ರ ಸೆಪ್ಟೆಂಬರ್ 2. ಕೆಂಪು ಅಂಗಿ, ನೀಲಿ ಚಡ್ಡಿ ತೊಟ್ಟ ಪುಟ್ಟ ಮಗುವೊಂದು ಮರಳಿನಲ್ಲಿ ಮುಖ ಕೆಳಗಾಗಿ ಮಲಗಿದ್ದ ಚಿತ್ರ. ಸಿರಿಯಾದ ಕೊಬಾನಿ ಪಟ್ಟಣದ ಅಲನ್ ಕುರ್ದಿ. ಅವನ ತಾಯಿ ಮತ್ತು ಅಣ್ಣ ಕೂಡ ಅಂದು ಮುಳುಗಿದರು. ತಂದೆ ಒಬ್ಬರೇ ಉಳಿದರು. ಆ ದೋಣಿ ಬೊದ್ರುಂ ಕಡೆಯಿಂದ ಹೊರಟದ್ದು ಎಲ್ಲಿಗೆ ಗೊತ್ತೇ? ಇದೇ ಕೋಸ್‌ಗೆ. ನಾನು ಕಾಲು ಚಾಚಿ ಕುಳಿತಿದ್ದ ಈ ದ್ವೀಪಕ್ಕೆ.

ಆ ವರ್ಷ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಸಮುದ್ರ ದಾಟಿ ಗ್ರೀಸ್ ತಲುಪಿದ್ದರು. ಮೂವತ್ತು ಸಾವಿರಕ್ಕೂ ತುಸು ಹೆಚ್ಚು ಜನಸಂಖ್ಯೆಯ ಕೋಸ್‌ನಲ್ಲಿ ಉದ್ಯಾನ, ರಸ್ತೆ ಬದಿ, ಬಂದರು ಎಲ್ಲವೂ ಡೇರೆಗಳಿಂದ ತುಂಬಿಹೋಗಿತ್ತು. ಆಗಸ್ಟ್‌ನಲ್ಲಿ ಗ್ರೀಕ್ ಸರ್ಕಾರ ಅವರ ನೋಂದಣಿಗೆ, ವಸತಿಗೆ ಒಂದು ಹಡಗನ್ನೇ ತಂದು ನಿಲ್ಲಿಸಬೇಕಾಯಿತು. 2016ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಮತ್ತು ಟರ್ಕಿ ಒಪ್ಪಂದ ಮಾಡಿಕೊಂಡ ಮೇಲೆ ಬರುವವರ ಸಂಖ್ಯೆ ತೀವ್ರವಾಗಿ ಇಳಿಯಿತು. ಆದರೆ ನಿಂತಿಲ್ಲ. 2021ರ ನವೆಂಬರ್‌ನಲ್ಲಿ ದ್ವೀಪದ ಪಿಲಿ ಗ್ರಾಮದ ಬಳಿ ಯುರೋಪಿಯನ್ ಒಕ್ಕೂಟದ ಹಣದಿಂದ ಕಟ್ಟಿದ ಬೇಲಿಯೊಳಗಿನ ಶಿಬಿರ ತೆರೆಯಿತು. ನಮ್ಮ ಈಜುಕೊಳದಿಂದ ಅದು ಕೆಲವೇ ಕಿಲೋಮೀಟರ್.

ಈಗ ಆ ಐದು ಕಿಲೋಮೀಟರನ್ನು ನೆನಪಿಸಿಕೊಳ್ಳಿ. ಪಾಸ್‌ಪೋರ್ಟ್, ವೀಸಾ ಇರುವವರಿಗೆ ಕೋಸ್ ಪೇಟೆಯಿಂದ ಬೊದ್ರುಂಗೆ ನಿತ್ಯ ದೋಣಿಯಿದೆ. ಕಿಟಕಿ ಬದಿ ಕುಳಿತು ಕಾಫಿ ಕುಡಿಯುತ್ತಾ ಹೋಗಿ ಸಂಜೆಗೆ ಹಿಂತಿರುಗಬಹುದು. 2024ರಿಂದ ಟರ್ಕಿಯ ಪ್ರವಾಸಿಗರಿಗೆ ಕೋಸ್ ಸೇರಿದಂತೆ ಕೆಲವು ಗ್ರೀಕ್ ದ್ವೀಪಗಳಲ್ಲಿ ಇಳಿದಾಗಲೇ ಒಂದು ವಾರದ ವೀಸಾ ಕೊಡುತ್ತಾರೆ. ಅದೇ ನೀರನ್ನು ದಾಟಲು ಕಾಗದವಿಲ್ಲದವರು ತಲೆಗೆ ಸಾವಿರ ಡಾಲರ್‌ಗೂ ಹೆಚ್ಚು ಕೊಟ್ಟು ರಬ್ಬರ್ ದೋಣಿ ಹತ್ತುತ್ತಿದ್ದರು. ನೀರು ಒಂದೇ, ಅಲೆ ಒಂದೇ.

ಆ ದಿನ ಬೆಳಗ್ಗಿನ ತಿಂಡಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. "ನಾವು ಬರಬಾರದಿತ್ತೇನೋ" ಎಂದೆ. ನನ್ನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರದಿದ್ದರೆ ನಿನಗೆ ಇದು ನೆನಪಾಗುತ್ತಿತ್ತೇ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೋಣೆ ಗುಡಿಸುವಾಕೆಯ ಅಜ್ಜ

ನಮ್ಮ ಕೋಣೆ ಸ್ವಚ್ಛಗೊಳಿಸಲು ಬರುತ್ತಿದ್ದವಳು ಇದೇ ದ್ವೀಪದ ಹೆಂಗಸು. ಐವತ್ತರ ಆಸುಪಾಸು. ಹರಕು ಮುರುಕು ಇಂಗ್ಲಿಷಿನಲ್ಲಿ ನಮ್ಮಿಬ್ಬರ ಸ್ನೇಹ ಬೆಳೆಯಿತು. 2015ರ ಬಗ್ಗೆ ಕೇಳಿದೆ. ಊರಿನಲ್ಲಿ ಎರಡು ಬಗೆಯ ಜನರಿದ್ದರು ಎಂದಳು. ಪ್ರವಾಸಿಗರು ಬರುವುದಿಲ್ಲ, ವ್ಯಾಪಾರ ಕೆಟ್ಟಿತು ಎಂದು ಸಿಡುಕಿದವರು, ಮತ್ತು ಬ್ರೆಡ್, ನೀರು, ಮಕ್ಕಳ ಬಟ್ಟೆ ಹೊತ್ತು ಬಂದರಿಗೆ ಓಡಿದವರು. "ನೀವು?" ಎಂದೆ. "ನಾನು ಎರಡನ್ನೂ ಮಾಡಿದೆ. ಬೆಳಿಗ್ಗೆ ಸಿಡುಕಿದೆ, ಸಂಜೆ ಬ್ರೆಡ್ ಒಯ್ದೆ" ಎಂದು ನಕ್ಕಳು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಆಮೇಲೆ ಅವಳು ಹೇಳಿದ ಮಾತು ಕೇಳಿ. 1943ರ ಅಕ್ಟೋಬರ್‌ನಲ್ಲಿ ಜರ್ಮನ್ ಸೇನೆ ಕೋಸ್ ಅನ್ನು ವಶಪಡಿಸಿಕೊಂಡಿತು. ಹಸಿವು, ಭಯ. ಅವಳ ಅಜ್ಜ ಆಗ ಹುಡುಗ. ಒಂದು ರಾತ್ರಿ ಮನೆಮಂದಿಯೆಲ್ಲ ಮೀನಿನ ದೋಣಿಯಲ್ಲಿ ಕುಳಿತು ಕದ್ದುಮುಚ್ಚಿ ಸಮುದ್ರ ದಾಟಿದರು. ಎಲ್ಲಿಗೆ? ಎದುರಿನ ಟರ್ಕಿಗೆ! ಅಲ್ಲಿಂದ ಅವರನ್ನು ರೈಲಿನಲ್ಲಿ ಸಿರಿಯಾದ ಅಲೆಪ್ಪೊಗೆ ಒಯ್ದರು. ಅಲ್ಲಿಂದ ಗಾಝಾದ ನುಸೈರಾತ್ ಎಂಬಲ್ಲಿಯ ಡೇರೆಗಳಿಗೆ.

ನಾನು ನಂಬಲಿಲ್ಲ. ಅಳಿಯ ಪುಸ್ತಕಗಳಲ್ಲಿ ಹುಡುಕಿ ನೋಡಿದ. ನಿಜ. ಎರಡನೇ ಮಹಾಯುದ್ಧದಲ್ಲಿ ಗ್ರೀಕ್ ದ್ವೀಪಗಳಿಂದ ಓಡಿಹೋದ ಸಾವಿರಾರು ಜನರಿಗೆ ಸಿರಿಯಾ, ಫೆಲೆಸ್ತೀನ್ ಮತ್ತು ಈಜಿಪ್ಟ್‌ನಲ್ಲಿ ನಿರಾಶ್ರಿತ ಶಿಬಿರಗಳಿದ್ದವು. 1942ರಲ್ಲಿ ಬ್ರಿಟಿಷರು ಅದಕ್ಕಾಗಿಯೇ ಒಂದು ವ್ಯವಸ್ಥೆ ರೂಪಿಸಿದ್ದರು. ಅಲೆಪ್ಪೊದಲ್ಲಿ ಒಂದು ಶಿಬಿರ, ಗಾಝಾದ ನುಸೈರಾತ್‌ನಲ್ಲಿ ಇನ್ನೊಂದು. ಹೌದು, ನೀವು ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿದ ಅದೇ ನುಸೈರಾತ್. 1948ರಲ್ಲಿ ಮನೆ ಕಳೆದುಕೊಂಡ ಫೆಲೆಸ್ತೀನಿಯರಿಗೆ ಅದು ಆಸರೆಯಾಯಿತು. ಅದಕ್ಕಿಂತ ಮೊದಲು ಅಲ್ಲಿ ಡೇರೆ ಹಾಕಿದ್ದವರು ಈ ಗ್ರೀಕ್ ದ್ವೀಪದ ಕ್ರೈಸ್ತರು!

ಎಪ್ಪತ್ತು ವರ್ಷಗಳ ನಂತರ ಅದೇ ಸಿರಿಯಾದ ಜನರು ಅದೇ ಕಡಲನ್ನು ಎದುರು ದಿಕ್ಕಿನಿಂದ ದಾಟಿ ಬಂದರು. "ಅಜ್ಜ ಆಗ ಬದುಕಿದ್ದರು. ಟಿ.ವಿ. ನೋಡಿ, ಇವರು ನಮಗೆ ರೊಟ್ಟಿ ಕೊಟ್ಟವರ ಮಕ್ಕಳು ಎಂದರು. ಅದಕ್ಕೇ ನಾನು ಸಂಜೆ ಬ್ರೆಡ್ ಒಯ್ದದ್ದು" ಎಂದಳು ಆಕೆ, ದಿಂಬಿಗೆ ಹೊಸ ಹೊದಿಕೆ ತೊಡಿಸುತ್ತಾ.

ಹಕೀಮರ ಮೂಲ, ಮಸೀದಿಯ ಮಿನಾರ

ನೀವು ಕೋಸ್‌ಗೆ ಹೋದರೆ ರೆಸಾರ್ಟ್‌ನಲ್ಲೇ ಬಿದ್ದುಕೊಂಡಿರಬೇಡಿ. ವೈದ್ಯಶಾಸ್ತ್ರದ ಪಿತಾಮಹ ಎನಿಸಿದ ಹಿಪೊಕ್ರೆಟಿಸ್ ಹುಟ್ಟಿದ್ದು ಇಲ್ಲೇ, ಕ್ರಿಸ್ತಪೂರ್ವ 460ರ ಸುಮಾರಿಗೆ. ಪೇಟೆಯಿಂದ ನಾಲ್ಕು ಕಿಲೋಮೀಟರ್ ದೂರದ ಗುಡ್ಡದಲ್ಲಿ ಅಸ್ಕ್ಲಿಪಿಯೊನ್ ಎಂಬ ಪುರಾತನ ಚಿಕಿತ್ಸಾ ಕೇಂದ್ರದ ಅವಶೇಷಗಳಿವೆ. ಮೂರು ಹಂತಗಳು, ಮೇಲಿಂದ ನಿಂತು ನೋಡಿದರೆ ಸಮುದ್ರ, ಅದರಾಚೆ ಟರ್ಕಿ. ನಮ್ಮ ಹಕೀಮರು "ಬುಕ್ರಾತ್" ಎನ್ನುವುದು ಇವರನ್ನೇ. ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಒಂಬತ್ತನೇ ಶತಮಾನದಲ್ಲಿ ಗ್ರೀಕ್ ವೈದ್ಯ ಗ್ರಂಥಗಳನ್ನು ಅರಬಿ ಮತ್ತು ಸಿರಿಯಾಕ್ ಭಾಷೆಗಳಿಗೆ ತಂದರು. ಆ ಜ್ಞಾನವೇ ಯುನಾನಿ, ಅಂದರೆ ಗ್ರೀಕ್, ಎಂಬ ಹೆಸರಿನಲ್ಲಿ ಭಾರತಕ್ಕೆ ಬಂತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಮೂಲ ಬೇರು ಈ ಗುಡ್ಡದವರೆಗೆ ಚಾಚಿದೆ ಎಂದರೆ ತಪ್ಪಾಗದು.

ಕೋಸ್ ಪೇಟೆಯಲ್ಲಿ ಹಿಪೊಕ್ರೆಟಿಸ್ ಕುಳಿತು ಪಾಠ ಹೇಳಿದ ಮರ ಎಂದು ಒಂದನ್ನು ತೋರಿಸುತ್ತಾರೆ. ವಾಸ್ತವವಾಗಿ ಈಗಿನ ಮರದ ವಯಸ್ಸು ಐನೂರು ವರ್ಷದಷ್ಟು. ಅದರ ಪಕ್ಕದಲ್ಲೇ 1786ರ ಗಾಝಿ ಹಸನ್ ಪಾಷಾ ಮಸೀದಿ. 1523ರಿಂದ 1912ರವರೆಗೆ ದ್ವೀಪ ಉಸ್ಮಾನಿಯರ ಆಳ್ವಿಕೆಯಲ್ಲಿತ್ತು. ಚೌಕದಲ್ಲಿರುವ ದೆಫ್ತೆರ್‌ದಾರ್ ಮಸೀದಿಯ ಮಿನಾರ 2017ರ ಜುಲೈ 21ರ ಭೂಕಂಪದಲ್ಲಿ ಉರುಳಿತು. ಅಂದು ದ್ವೀಪದಲ್ಲಿ ಸತ್ತ ಇಬ್ಬರೂ ಪ್ರವಾಸಿಗರು. ಒಬ್ಬ ಟರ್ಕಿಯವನು, ಒಬ್ಬ ಸ್ವೀಡನ್‌ನವನು.

ಅಸ್ಕ್ಲಿಪಿಯೊನ್ ದಾರಿಯಲ್ಲಿ ಪ್ಲಾತಾನಿ ಎಂಬ ಹಳ್ಳಿ ಸಿಗುತ್ತದೆ. ಇಲ್ಲಿ ಟರ್ಕಿ ಭಾಷೆಯಾಡುವ ಮುಸ್ಲಿಮರಿದ್ದಾರೆ, ಮಸೀದಿಯಿದೆ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ತಮ್ಮ ತಮ್ಮ ಜನರನ್ನು ಧರ್ಮದ ಆಧಾರದಲ್ಲಿ ಅದಲು ಬದಲು ಮಾಡಿಕೊಂಡಾಗ ಲಕ್ಷಾಂತರ ಮಂದಿ ಹುಟ್ಟೂರು ಬಿಡಬೇಕಾಯಿತು. ಕೋಸ್ ಆಗ ಇಟಲಿಯ ಕೈಯಲ್ಲಿದ್ದುದರಿಂದ ಇವರು ಉಳಿದುಕೊಂಡರು. ಕೊನೆಯ ರಾತ್ರಿ ನಾವು ರೆಸಾರ್ಟ್‌ನ ಭೋಜನ ಬಿಟ್ಟು ಅಲ್ಲಿಗೆ ಹೋದೆವು. ಮರದ ಕೆಳಗೆ ಮೇಜು. ಮಾಂಸ ಹಲಾಲ್ ಎಂದು ಕೇಳಿ ಖಚಿತಪಡಿಸಿಕೊಂಡು ಹೊಟ್ಟೆ ತುಂಬ ಕಬಾಬ್ ತಿಂದೆವು. ಅಂಗಡಿಯ ಯಜಮಾನ ಕೊನೆಗೆ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. "ನೀವು ಮಿಸಾಫಿರ್" ಎಂದರು.

ನಮಗೆ ಮುಸಾಫಿರ್ ಎಂದರೆ ಪ್ರಯಾಣಿಕ. ಟರ್ಕಿ ಭಾಷೆಯಲ್ಲಿ ಅದೇ ಪದಕ್ಕೆ ಅತಿಥಿ ಎಂಬ ಅರ್ಥ. ಗ್ರೀಕರ "ಕ್ಸೆನೊಸ್" ಎಂಬ ಪದವೂ ಹಾಗೆಯೇ. ಅಪರಿಚಿತ ಎಂದೂ ಹೌದು, ಅತಿಥಿ ಎಂದೂ ಹೌದು. ಕಡಲಿನ ಎರಡೂ ದಡದವರು ಶತಮಾನಗಳ ಹಿಂದೆಯೇ ಒಂದು ಮಾತನ್ನು ಒಪ್ಪಿಕೊಂಡಿದ್ದಾರೆ. ಬಾಗಿಲಿಗೆ ಬಂದ ಅಪರಿಚಿತನೇ ಅತಿಥಿ. ಅವನ ಕೈಯಲ್ಲಿ ಯಾವ ಕಾಗದವಿದೆ ಎಂಬುದು ಆ ಪದಗಳಲ್ಲಿ ಇಲ್ಲ.

ಹೋಗಬೇಕೇ, ಬೇಡವೇ?

ಕೊನೆಯ ದಿನ ಬಿಲ್ ನನ್ನ ಕಣ್ಣಿಗೆ ಬಿತ್ತು. ಒಂದು ರಾತ್ರಿಗೆ ನಾನೂರು ಯೂರೋ. ಹತ್ತಿರ ಹತ್ತಿರ ನಲವತ್ತು ಸಾವಿರ ರೂಪಾಯಿ! ಅದರ ಮೇಲೆ ರಾತ್ರಿಗೆ ಹದಿನೈದು ಯೂರೋ ಸರ್ಕಾರದ ತೆರಿಗೆ. ಪ್ರಕೃತಿ ವಿಕೋಪಗಳನ್ನು ಎದುರಿಸಲೆಂದು ಗ್ರೀಸ್ ಹೊಟೇಲ್ ವಾಸಿಗಳಿಂದ ಪಡೆಯುವ ಈ ಶುಲ್ಕ 2025ರಿಂದ ಬೇಸಿಗೆ ತಿಂಗಳುಗಳಲ್ಲಿ ಐದು ನಕ್ಷತ್ರದ ಕೋಣೆಗಳಿಗೆ ಇಷ್ಟಾಗಿದೆ. ಅಳಿಯನನ್ನು ಗದರಿದೆ. "ಇಷ್ಟು ಹಣದಲ್ಲಿ ಊರಲ್ಲಿ ಒಂದು ಮದುವೆಗೆ ನೆರವಾಗಬಹುದಿತ್ತಲ್ಲ" ಎಂದೆ. ಅವನು ತಲೆ ತಗ್ಗಿಸಿದ. ಪಾಪ, ಪ್ರೀತಿಯಿಂದ ಮಾಡಿದ್ದು. ನಂತರ ಅದೇ ಮೊತ್ತದ ಒಂದು ಭಾಗವನ್ನು ನಿರಾಶ್ರಿತರ ಮಕ್ಕಳಿಗಾಗಿ ತೆಗೆದಿಡುವುದಾಗಿ ಅವನೇ ಹೇಳಿದ.

ಹಾಗಾದರೆ ನೀವು ಹೋಗಬೇಕೇ, ಬೇಡವೇ? ಅಲ್ಲಾಹನು ಅನುಕೂಲ ಕೊಟ್ಟಿದ್ದರೆ ಹೋಗಿ ಬನ್ನಿ. ಅಷ್ಟು ದುಬಾರಿಯ ವಸತಿಯೇ ಬೇಕೆಂದಿಲ್ಲ. ಪೇಟೆಯಲ್ಲಿ ಸಾಧಾರಣ ಕೋಣೆಗಳೂ ಇವೆ, ಕಡಲು ಎಲ್ಲರಿಗೂ ಒಂದೇ. ಆದರೆ ಒಂದು ರಾತ್ರಿ ಇಶಾ ಮುಗಿಸಿ ಕುರ್ಚಿಯನ್ನು ನೀರಿನ ಕಡೆಗೆ ತಿರುಗಿಸಿ ಕುಳಿತು ಆ ದೀಪಗಳನ್ನು ನೋಡಿ. ಕೋಣೆ ಗುಡಿಸುವವರ, ನೀರುಣಿಸುವವರ ಹೆಸರು ಕೇಳಿ. ಅವರ ಬಳಿ ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಇಲ್ಲದ ಕತೆಗಳಿವೆ.

ಹೊರಡುವ ಬೆಳಿಗ್ಗೆ ಆಕೆ ನನ್ನ ಕೈಗೆ ಒಂದು ಪುಟ್ಟ ಬಾಟಲಿ ತುರುಕಿದಳು. ಇಡಿಯ ಟೊಮೆಟೊಗಳನ್ನು ಸಕ್ಕರೆ ಪಾಕದಲ್ಲಿ ಬೇಯಿಸಿದ ಕೋಸ್‌ನ ಸಿಹಿ, ಅವಳದೇ ಅಡುಗೆಮನೆಯದ್ದು. ನನ್ನ ಚೀಲದಲ್ಲಿ ಕೊಡಲು ಬೇರೇನೂ ಇರಲಿಲ್ಲ. ಊರಿನಿಂದ ಒಯ್ದಿದ್ದ ಗೋಡಂಬಿಯ ಪೊಟ್ಟಣ ಕೊಟ್ಟೆ.

ಈಗಲೂ ಬೆಳಿಗ್ಗೆ ನೀರುದೋಸೆಯ ಜೊತೆ ಆ ಸಿಹಿಯನ್ನು ಸ್ವಲ್ಪ ಸ್ವಲ್ಪವೇ ಬಡಿಸುತ್ತೇನೆ. ಮನೆಗೆ ಬಂದವರು ಇದೇನು ಹೊಸ ತಿನಿಸು ಎಂದು ಕೇಳುತ್ತಾರೆ. ಆಗ ನಾನು ಈಜುಕೊಳದ ಕತೆ ಹೇಳುವುದಿಲ್ಲ. ಮೀನಿನ ದೋಣಿಯಲ್ಲಿ ಕುಳಿತು ಅಲೆಪ್ಪೊಗೆ ಹೋದ ಒಬ್ಬ ಹುಡುಗನ ಕತೆ ಹೇಳುತ್ತೇನೆ.